ಎಕ್ಸಿಮಾಕ್ಕೆ ಯಾವುದು ಒಳ್ಳೇದು? ಕಾಸರಗೋಡಿನ ಸೆಕೆ, ಮಳೆ, ತೋಟದ ಕೆಲಸ ನೋಡಿಕೊಂಡು ಒಂದು ಹೋಲಿಕೆ

ಮಳೆ ಹಿಡಿಯಿತು ಅಂದರೆ ನನಗೆ ಒಂದೇ ತರದ ಪ್ರಶ್ನೆಗಳು ಬರಲು ಶುರು. ಬದಿಯಡ್ಕ ಕಡೆಯ ತಾಯಿಯೊಬ್ಬರು ಕೇಳುತ್ತಾರೆ: "ಮಗನಿಗೆ ಮೊಣಕಾಲಿನ ಹಿಂದೆ ತುರಿಸಿ ತುರಿಸಿ ಹುಣ್ಣಾಗಿದೆ. ಡಾಕ್ಟ್ರು ಸ್ಟೀರಾಯ್ಡ್ ಮುಲಾಮು ಕೊಟ್ಟಿದ್ದಾರೆ. ಅತ್ತೆ ಅದು ಬೇಡ, ತೈಲ ಸಾಕು ಅಂತಾರೆ. ಯಾರ ಮಾತು ಕೇಳಲಿ?" ಮುಳ್ಳೇರಿಯದವರೊಬ್ಬರದ್ದು ಬೇರೆ ತಾಪತ್ರಯ: "ಅಡಿಕೆ ಸುಲಿದರೆ ಕೈ ಒಡೆಯುತ್ತದೆ. ವ್ಯಾಸಲೀನ್ ಹಚ್ಚಿದರೆ ಅಡಿಕೆ ಜಾರುತ್ತದೆ." ಇನ್ನು ಕೆಲವರಿಗೆ ಎಲ್ಲಿಗೆ ಹೋಗುವುದು ಅನ್ನುವುದೇ ಚಿಂತೆ. ಕಾಸರಗೋಡಿಗೋ, ಉಕ್ಕಿನಡ್ಕಕ್ಕೋ, ಮಂಗಳೂರಿಗೋ?

ನಾನು ಡಾಕ್ಟ್ರಲ್ಲ. ಚಿಕ್ಕಂದಿನಿಂದ ಎಕ್ಸಿಮಾ, ಅಂದರೆ ಚರ್ಮ ಒಣಗಿ ಕೆಂಪಾಗಿ ಮತ್ತೆ ಮತ್ತೆ ತುರಿಸುವ ಈ ತೊಂದರೆಯ ಜೊತೆಗೇ ಬದುಕಿದವಳು. ಹಾಗಾಗಿ ಯಾರಿಗೂ ಟ್ಯೂಬಿನ ಹೆಸರು ಹೇಳಿ ಕಳಿಸುವುದಿಲ್ಲ. ಆಯ್ಕೆ ಮಾಡುವಾಗ ಏನೇನು ನೋಡಬೇಕು, ಯಾವುದರಲ್ಲಿ ಏನು ಲಾಭ, ಏನು ನಷ್ಟ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಮೊದಲು, ಅದು ಎಕ್ಸಿಮಾ ಹೌದಾ?

ನಮ್ಮ ಕಡೆ ತುರಿಸುವುದೆಲ್ಲ "ಕಜ್ಜಿ". ಆದರೆ ಮದ್ದು ಬೇರೆ ಬೇರೆ. ಉಂಗುರದ ಹಾಗೆ ಅಂಚು ಎದ್ದು, ನಡುವೆ ಮಾಸಿದಂತೆ ಕಂಡು, ತೊಡೆಸಂದಿಯಲ್ಲೋ ಸೊಂಟದಲ್ಲೋ ಹರಡುತ್ತಾ ಹೋದರೆ ಅದು ಹುಳುಕಡ್ಡಿ ಇರಬಹುದು. ಅಂದರೆ ಫಂಗಸ್. ರಾತ್ರಿ ತುರಿಕೆ ಜಾಸ್ತಿಯಾಗಿ, ಬೆರಳಸಂದಿಯಲ್ಲಿ ಗುಳ್ಳೆ ಎದ್ದು, ಮನೆಯ ಇನ್ನೊಬ್ಬರಿಗೂ ಶುರುವಾದರೆ ಅದು ಹುಳದಿಂದ ಬರುವ ಕಜ್ಜಿ. ಅದಕ್ಕೆ ಮನೆಯವರೆಲ್ಲ ಒಟ್ಟಿಗೆ ಮದ್ದು ಮಾಡಬೇಕು. ಎಕ್ಸಿಮಾ ಹೆಚ್ಚಾಗಿ ಎರಡೂ ಬದಿಯಲ್ಲಿ ಬರುತ್ತದೆ. ಮೊಣಕೈ ಮಡಿಕೆ, ಮೊಣಕಾಲಿನ ಹಿಂಭಾಗ, ಕುತ್ತಿಗೆ, ಮಣಿಕಟ್ಟು. ಪುಟ್ಟ ಮಕ್ಕಳಿಗಾದರೆ ಕೆನ್ನೆ. ಉಳಿದ ಚರ್ಮವೂ ಒಣಗಿರುತ್ತದೆ. ಮನೆಯಲ್ಲಿ ಯಾರಿಗಾದರೂ ಅಸ್ತಮಾವೋ, ಬೆಳಗ್ಗೆ ಎದ್ದ ಕೂಡಲೇ ಸೀನು ಬರುವ ಅಲರ್ಜಿಯೋ ಇರುವುದು ಸಾಮಾನ್ಯ.

ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತೇನೆ ಅಂದರೆ, ಅಂಗಡಿಗೆ ಹೋಗಿ "ತುರಿಕೆಗೆ ಏನಾದರೂ ಕೊಡಿ" ಅಂದರೆ ಸಿಗುವುದು ಹೆಚ್ಚಾಗಿ ಮೂರು ನಾಲ್ಕು ಮದ್ದು ಬೆರೆಸಿದ ಮುಲಾಮು. ಅದರಲ್ಲಿ ಜೋರು ಸ್ಟೀರಾಯ್ಡ್, ಫಂಗಸ್‌ನ ಮದ್ದು, ಆಂಟಿಬಯೋಟಿಕ್ ಎಲ್ಲ ಇರುತ್ತವೆ. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಎರಡು ದಿನ ತುರಿಕೆ ನಿಲ್ಲುತ್ತದೆ. ಆಮೇಲೆ ಫಂಗಸ್ ಗುರುತೇ ಸಿಗದ ಹಾಗೆ ಹರಡುತ್ತದೆ. ಮುಖಕ್ಕೆ ಹಚ್ಚಿದವರ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲು ತಡೆಯದ ಸ್ಥಿತಿಗೆ ಬರುತ್ತದೆ. ದೇಶದ ಚರ್ಮತಜ್ಞರ ಸಂಘ ಐಎಡಿವಿಎಲ್ ಇದರ ಬಗ್ಗೆ ವರ್ಷಗಟ್ಟಲೆ ಎಚ್ಚರಿಸುತ್ತಾ ಬಂದಿದೆ. 2018ರಲ್ಲಿ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮವನ್ನೂ ಮಾಡಿತು. ಆದರೂ ಕೇಳಿದರೆ ಸಿಗುತ್ತದೆ, ಅಲ್ವಾ? ಈ ಬೆರಕೆ ಮುಲಾಮನ್ನು ನಾನು ಹೋಲಿಕೆಗೇ ತೆಗೆದುಕೊಳ್ಳುವುದಿಲ್ಲ.

ಏನನ್ನು ನೋಡಿ ಆರಿಸಬೇಕು?

ಮೊದಲನೆಯದು ಜಾಗ. ಕಣ್ಣಿನ ರೆಪ್ಪೆಯ ಚರ್ಮವೂ ಅಂಗಾಲಿನ ಚರ್ಮವೂ ಒಂದೇ ಅಲ್ಲ. ಅಂಗಾಲಿಗೆ ಸಾಲದ ಮದ್ದು ರೆಪ್ಪೆಗೆ ಅಪಾಯವಾಗಬಹುದು.

ಎರಡನೆಯದು ಕಾಲ. ನಮ್ಮಲ್ಲಿ ಮಾರ್ಚ್‌ನಿಂದ ಮೇ ವರೆಗೆ ಸೆಕೆ, ಬೆವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಬಟ್ಟೆ, ಬೂಷ್ಟು. ಡಿಸೆಂಬರ್, ಜನವರಿಯ ಬೆಳಗ್ಗೆ ಗುಡ್ಡದ ಕಡೆಯಿಂದ ಒಣಗಾಳಿ. ಪುಸ್ತಕದಲ್ಲಿ, ವೀಡಿಯೊದಲ್ಲಿ ಬರುವ ಸಲಹೆ ಹೆಚ್ಚಿನದೂ ಚಳಿದೇಶದ್ದು. ಅಲ್ಲಿ ಗಟ್ಟಿ ಜಿಡ್ಡು ವರ್ಷವಿಡೀ ನಡೆಯುತ್ತದೆ. ಇಲ್ಲಿ ಏಪ್ರಿಲ್‌ನಲ್ಲಿ ಅದನ್ನು ಬೆನ್ನಿಗೆ ಬಳಿದುಕೊಂಡರೆ ಬೆವರುಸಾಲೆ ಬರುವುದು ಖಂಡಿತ.

ಮೂರನೆಯದು ಯಾರಿಗೆ, ಅವರ ಕೆಲಸ ಏನು ಅನ್ನುವುದು. ಮಗುವಾ, ಬಸುರಿಯಾ, ದಿನವಿಡೀ ನೀರಲ್ಲಿ ಕೈ ಇರುವವರಾ?

ನಾಲ್ಕನೆಯದು ತಿಂಗಳ ಖರ್ಚು. ಟ್ಯೂಬಿನ ಬೆಲೆ ನೋಡಬೇಡಿ, ಗ್ರಾಮಿನ ಬೆಲೆ ನೋಡಿ. ಐದನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು: ಇದನ್ನು ದಿನಾ ಮಾಡಲು ನಿಮ್ಮಿಂದ ಆಗುತ್ತದಾ? ವಾರಕ್ಕೊಮ್ಮೆ ನೆನಪಾಗುವ ದುಬಾರಿ ಕ್ರೀಮಿಗಿಂತ ದಿನಕ್ಕೆರಡು ಸಲ ಬಳಿಯುವ ಅಗ್ಗದ ಜಿಡ್ಡು ಮೇಲು.

ಜಿಡ್ಡು: ತೆಂಗಿನೆಣ್ಣೆ, ಪೆಟ್ರೋಲಿಯಂ ಜೆಲ್ಲಿ, ಕ್ರೀಮು

ಎಕ್ಸಿಮಾ ಇರುವವರ ಚರ್ಮ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಹೊರಪದರ ಬಿಗಿಯಾಗಿರಲು ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನು ಹಲವರಿಗೆ ಹುಟ್ಟಿನಿಂದಲೇ ಕಡಿಮೆ. ಅದರ ಜೀನ್‌ಗೂ ಎಕ್ಸಿಮಾಕ್ಕೂ ಇರುವ ನಂಟು 2006ರಲ್ಲಿ ಗೊತ್ತಾಯಿತು. ಪದರ ಸಡಿಲವಾದ ಕಡೆ ಸೋಪು, ಬೆವರು, ಧೂಳು, ರೋಗಾಣು ಒಳಗೆ ಇಳಿಯುತ್ತವೆ. ಉರಿ ಏಳುತ್ತದೆ, ತುರಿಸುತ್ತೇವೆ. ತುರಿಸಿದಷ್ಟೂ ಪದರ ಇನ್ನೂ ಹರಿಯುತ್ತದೆ. ಜಿಡ್ಡಿನ ಕೆಲಸ ಈ ಪದರವನ್ನು ಕಾಯುವುದು. ಮೊದಲೆಲ್ಲ ಮಣ್ಣಿನ ಗೋಡೆಗೆ ಮಳೆ ಶುರುವಾಗುವ ಮೊದಲೇ ಮಡಲಿನ ತಟ್ಟಿ ಕಟ್ಟುತ್ತಿದ್ದರಲ್ಲ, ಇದೂ ಹಾಗೆಯೇ. ತುರಿಕೆ ಇಲ್ಲದ ದಿನವೂ ಹಚ್ಚಬೇಕು.

ಎಷ್ಟು ಹಚ್ಚಬೇಕು? ಮೈಯಿಡೀ ಒಣಗಿರುವ ದೊಡ್ಡವರಿಗೆ ವಾರಕ್ಕೆ ಕಾಲು ಕಿಲೋದಿಂದ ಅರ್ಧ ಕಿಲೋ ಬೇಕಾಗಬಹುದು ಎನ್ನುತ್ತದೆ ಬ್ರಿಟನ್ನಿನ ಕಡೆಯ ಸಲಹೆ. ನಮ್ಮ ಸೆಕೆಗೆ ಅಷ್ಟು ಬೇಡ ಅಂತಲೇ ಇಟ್ಟುಕೊಳ್ಳಿ. ಆದರೂ ಐವತ್ತು ಗ್ರಾಮಿನ ಟ್ಯೂಬು ತಿಂಗಳು ಬಂತು ಅಂದರೆ ನೀವು ಹಚ್ಚುತ್ತಿಲ್ಲ, ಸುಮ್ನೆ ಸವರುತ್ತಿದ್ದೀರಿ.

ತೆಂಗಿನೆಣ್ಣೆ ನಮ್ಮ ಮನೆಮನೆಯದ್ದು. ಅದನ್ನು ಹಳೇ ಕಾಲದ ನಂಬಿಕೆ ಅಂತ ತಳ್ಳಿಹಾಕುವಂತಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಎಕ್ಸಿಮಾ ಇರುವ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಜಿನ್ ತೆಂಗಿನೆಣ್ಣೆ ಮಿನರಲ್ ಆಯಿಲ್‌ಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಒಡೆದ ಚರ್ಮದಲ್ಲಿ ಬೆಳೆಯುವ ಸ್ಟೆಫೈಲೋಕಾಕಸ್ ಎಂಬ ರೋಗಾಣುವನ್ನೂ ಅದು ಸ್ವಲ್ಪ ಹತೋಟಿಯಲ್ಲಿಡುತ್ತದೆ. ಹಸುಗೂಸಿಗೆ ಹಚ್ಚಲು ತೆಂಗಿನಹಾಲು ಕಾಯಿಸಿ ತೆಗೆಯುವ ಎಣ್ಣೆ, ಮಲಯಾಳದವರು ಉರುಕ್ಕು ವೆಳಿಚ್ಚೆಣ್ಣ ಅನ್ನುವುದು, ಈ ಜಾತಿಯದ್ದೇ. ಎಣ್ಣೆಯ ಕೊರತೆ ಏನೆಂದರೆ ಅದು ತೆಳು, ಬೇಗ ಇಳಿಯುತ್ತದೆ. ಅದರಲ್ಲಿ ನೀರಿನ ಅಂಶವೂ ಇಲ್ಲ. ಒಣ ಮೈಗೆ ಹಚ್ಚಿದರೆ ಪ್ರಯೋಜನ ಕಡಿಮೆ, ಸ್ನಾನದ ನಂತರದ ಒದ್ದೆ ಮೈಗೆ ಹಚ್ಚಬೇಕು. ಹಗುರ ಎಕ್ಸಿಮಾಕ್ಕೆ, ಮಕ್ಕಳಿಗೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದವರಿಗೆ ಇದು ಒಳ್ಳೆಯ ಆಯ್ಕೆ. ಚರ್ಮ ದಪ್ಪಗಟ್ಟಿ ಸೀಳಿದ್ದರೆ ಇದೊಂದೇ ಸಾಲದು. ಎಲ್ಲ ಎಣ್ಣೆಯೂ ಒಳ್ಳೇದೇ ಎಂದು ಮಾತ್ರ ತಿಳಿಯಬೇಡಿ. ಗಲ್ಫ್‌ನಿಂದ ಬರುವಾಗ ತಂದ ಆಲಿವ್ ಎಣ್ಣೆ ಅಡುಗೆಗೆ ಇರಲಿ. ಅದು ಚರ್ಮದ ಪದರವನ್ನು ಇನ್ನಷ್ಟು ಸಡಿಲಿಸುತ್ತದೆ. ಸಾಸಿವೆ ಎಣ್ಣೆಯೂ ಬೇಡ.

ಬಿಳಿ ಪೆಟ್ರೋಲಿಯಂ ಜೆಲ್ಲಿ, ಪರಿಮಳ ಹಾಕದ್ದು, ಗ್ರಾಮಿನ ಲೆಕ್ಕದಲ್ಲಿ ಅಗ್ಗ. ಚರ್ಮದಿಂದ ನೀರು ಹಾರಿಹೋಗುವುದನ್ನು ಇದರಷ್ಟು ತಡೆಯುವ ವಸ್ತು ಇಲ್ಲವೆಂದೇ ಹೇಳಬೇಕು. ಅಲರ್ಜಿ ಆಗುವುದೂ ತೀರಾ ಅಪರೂಪ. ಆದರೆ ಅಂಟಂಟು. ಬಟ್ಟೆಗೆ ಹಿಡಿಯುತ್ತದೆ. ಸೆಕೆಗೆ ರೋಮದ ಬುಡ ಮುಚ್ಚಿ ಗುಳ್ಳೆ ಏಳಿಸುತ್ತದೆ. ಅದಕ್ಕೇ ಇದನ್ನು ರಾತ್ರಿಗೆ, ಕೈಕಾಲಿಗೆ, ಡಿಸೆಂಬರ್–ಜನವರಿಗೆ ಇಟ್ಟುಕೊಳ್ಳಿ. ಇನ್ನೊಂದು ಮಾತು, ಯಾರೂ ಹೇಳುವುದಿಲ್ಲ: ಇಂಥ ಜಿಡ್ಡು ಹಿಡಿದು ಒಣಗಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಸೌದೆ ಒಲೆ ಊದುವವರು, ಹಂಡೆಗೆ ಬೆಂಕಿ ಹಾಕುವವರು, ದೇವರಿಗೆ ದೀಪ ಹಚ್ಚುವವರು ಜಿಡ್ಡಿನ ಸೀರೆ ಸೆರಗು, ಬೈರಾಸು ದೂರ ಇಡಿ. ಆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಆಗಾಗ ಒಗೆದರೆ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ.

ಕ್ರೀಮು ಹಗಲಿಗೆ ಅನುಕೂಲ. ಗ್ಲಿಸರಿನ್, ಸೆರಮೈಡ್ (ಚರ್ಮದ ಹೊರಪದರದಲ್ಲಿ ಸಹಜವಾಗಿಯೇ ಇರುವ ಜಿಡ್ಡು) ಇರುವವು ಒಳ್ಳೆಯವು. ಬೇಗ ಇಳಿಯುತ್ತವೆ, ಶಾಲೆಗೆ ಆಫೀಸಿಗೆ ಹೋಗುವವರಿಗೆ ಮುಜುಗರ ಇಲ್ಲ. ನಷ್ಟ ಅಂದರೆ ಬೆಲೆ. ಸೆರಮೈಡ್‌ನದ್ದು ಜೆಲ್ಲಿಯ ಹಲವು ಪಟ್ಟು. ಗ್ಲಿಸರಿನ್‌ನ ಸಾದಾ ಕ್ರೀಮು ಅದರ ಹತ್ತಿರ ಬರುತ್ತದೆ ಅನ್ನುವುದು ನನ್ನ ಅನುಭವ. ಹಾಗಾಗಿ ಬಜೆಟ್ ಬಿಗಿ ಇದ್ದರೆ ಸೆರಮೈಡ್‌ಗೆ ಸಾಲ ಮಾಡಬೇಡಿ. ಯೂರಿಯಾ ಇರುವ ಕ್ರೀಮು ಅಂಗಾಲಿನ ದಪ್ಪ ಚರ್ಮಕ್ಕೆ ಚೆನ್ನ. ಒಡೆದ ಜಾಗಕ್ಕೆ, ಮಕ್ಕಳಿಗೆ ಉರಿಯುತ್ತದೆ. ತೆಳ್ಳನೆಯ ಪರಿಮಳದ ಬಾಡಿ ಲೋಷನ್ ಯಾವ ಲೆಕ್ಕಕ್ಕೂ ಬರುವುದಿಲ್ಲ. "ಹರ್ಬಲ್" ಅಂತ ಬರೆದ ಮಾತ್ರಕ್ಕೆ ಅದರಲ್ಲಿ ಸೆಂಟು ಇಲ್ಲ ಎಂದೂ ಅಲ್ಲ.

ನನ್ನ ತೀರ್ಮಾನ ಹೀಗೆ. ದುಡ್ಡಿದ್ದರೆ ಹಗಲು ಕ್ರೀಮು, ರಾತ್ರಿ ಜೆಲ್ಲಿ. ಇಲ್ಲದಿದ್ದರೆ ಸ್ನಾನದ ನಂತರ ತೆಂಗಿನೆಣ್ಣೆ, ಮಲಗುವಾಗ ಕೈಕಾಲಿಗೆ ಜೆಲ್ಲಿ. ಎರಡನೆಯದು ಕೀಳು ಆಯ್ಕೆ ಅಲ್ಲವೇ ಅಲ್ಲ.

ಸ್ನಾನದ ಬಗ್ಗೆ ಚುಟುಕಾಗಿ. ಹಂಡೆಯ ಕುದಿಯುವ ನೀರು ತುರಿಸುವ ಜಾಗಕ್ಕೆ ಹೊಯ್ದರೆ ಆ ಗಳಿಗೆಗೆ ಸ್ವರ್ಗ, ಅರ್ಧ ಗಂಟೆಗೆ ನರಕ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದ ಒಳಗೆ. ಮಾಮೂಲಿ ಸೋಪು ಕ್ಷಾರ, ತೆಂಗಿನೆಣ್ಣೆಯಿಂದ ಮಾಡಿದ್ದೂ ಕ್ಷಾರವೇ. ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ ಸೋಪು ಸಾಕು. ಮೈಗೆ ಬೇಕೇ ಬೇಕು ಅಂದರೆ ಪಿಎಚ್ 5.5 (ಅಂದರೆ ಕ್ಷಾರವಲ್ಲದ್ದು) ಎಂದು ಬರೆದಿರುವ ಸೋಪು ಅಥವಾ ಲಿಕ್ವಿಡ್. ಸೀಗೆ, ಕಡಲೆಹಿಟ್ಟು ಉಜ್ಜಿದರೆ ಒಣಗುತ್ತದೆ. ಬೇವಿನ ಸೊಪ್ಪು ಕುದಿಸಿದ ನೀರು ಕೆಲವರಿಗೆ ಹಿತ, ಒಡೆದ ಚರ್ಮಕ್ಕೆ ಉರಿ. ಬೈರಾಸಿನಲ್ಲಿ ಒತ್ತಿ ಒರೆಸಿ, ಮೂರು ನಿಮಿಷದ ಒಳಗೆ ಜಿಡ್ಡು ಹಚ್ಚಿ.

ಮದ್ದಿನ ಮುಲಾಮು: ಸ್ಟೀರಾಯ್ಡಾ, ಟ್ಯಾಕ್ರೋಲಿಮಸ್ಸಾ?

ಜಿಡ್ಡು ದಿನಾ ಬೇಕು. ಕೆಂಪಾಗಿ ಉರಿ ಎದ್ದಾಗ ಅದರ ಜೊತೆಗೆ ಮದ್ದೂ ಬೇಕು. ಅತ್ತೆ–ಡಾಕ್ಟ್ರ ಜಗಳ ಇರುವುದು ಇಲ್ಲೇ.

ಸ್ಟೀರಾಯ್ಡ್ ಅಂದ ಕೂಡಲೇ ಹೆದರುವವರೂ ಇದ್ದಾರೆ, ಹೆದರಿಕೆಯೇ ಇಲ್ಲದೆ ವರ್ಷಗಟ್ಟಲೆ ಬಳಿಯುವವರೂ ಇದ್ದಾರೆ. ಸ್ಟೀರಾಯ್ಡ್‌ನಲ್ಲಿ ಮೆಟ್ಟಿಲುಗಳಿವೆ. 1% ಹೈಡ್ರೋಕಾರ್ಟಿಸೋನ್, ಡೆಸೊನೈಡ್ ಕೆಳಗಿನ ಮೆಟ್ಟಿಲು. ಮುಖಕ್ಕೆ, ಮಡಿಕೆಗಳಿಗೆ, ಪುಟ್ಟ ಮಕ್ಕಳಿಗೆ ಇವು. ಮೊಮೆಟಾಸೋನ್, ಫ್ಲುಟಿಕಾಸೋನ್ ನಡುವಿನವು. ಕೈಕಾಲು, ಬೆನ್ನಿಗೆ ಸಾಮಾನ್ಯವಾಗಿ ಇವನ್ನು ಬರೆಯುತ್ತಾರೆ. ಕ್ಲೋಬೆಟಾಸಾಲ್ ಮೇಲಿನ ತುದಿ. ಅಂಗೈ ಅಂಗಾಲಿನ ದಪ್ಪ ಚರ್ಮಕ್ಕೆ, ಅದೂ ಕೆಲವೇ ದಿನಕ್ಕೆ. ಅದನ್ನು ಮುಖಕ್ಕೆ ಹಚ್ಚುವುದು ಬೇಡವೇ ಬೇಡ.

ಲಾಭ: ಬೇಗ ಇಳಿಸುತ್ತದೆ, ಅಗ್ಗ, ಜನೌಷಧಿ ಅಂಗಡಿಯಲ್ಲೂ ಕೇಳಿ ನೋಡಬಹುದು. ನಷ್ಟ: ಜೋರಿನದ್ದನ್ನು ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಗೆರೆ ಬೀಳುತ್ತದೆ. ಆದರೆ ಹೆದರಿ ಹೆದರಿ ಒಂದು ಚುಕ್ಕೆ ಹಚ್ಚಿ, ಎರಡು ದಿನಕ್ಕೆ ನಿಲ್ಲಿಸಿ, ಮತ್ತೆ ಎದ್ದಾಗ ಮತ್ತೆ ಹಚ್ಚುವವರ ಕೈಯಲ್ಲಿ ವರ್ಷದ ಕೊನೆಗೆ ಜಾಸ್ತಿ ಸ್ಟೀರಾಯ್ಡ್ ಖರ್ಚಾಗಿರುತ್ತದೆ. ಅಳತೆ ಸುಲಭ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು.

ಟ್ಯಾಕ್ರೋಲಿಮಸ್ ಕೂಡ ಉರಿ ಇಳಿಸುವ ಮುಲಾಮು, ಆದರೆ ಸ್ಟೀರಾಯ್ಡ್ ಅಲ್ಲ. ಚರ್ಮ ತೆಳುವಾಗುವ ಹೆದರಿಕೆ ಇಲ್ಲ. ರೆಪ್ಪೆ, ಕುತ್ತಿಗೆ, ಮಡಿಕೆಗಳಲ್ಲಿ ಪದೇಪದೇ ಬರುವವರಿಗೆ ಇದೇ ಸರಿ. ಎರಡು ವರ್ಷ ದಾಟಿದ ಮಕ್ಕಳಿಗೆ 0.03%, ದೊಡ್ಡವರಿಗೆ 0.1%. ಮೊದಲ ಕೆಲವು ದಿನ ಮೆಣಸು ಹಚ್ಚಿದ ಹಾಗೆ ಉರಿಯುತ್ತದೆ, ಸೆಕೆಗೆ ಇನ್ನೂ ಜಾಸ್ತಿ. ಇದನ್ನು ಮೊದಲೇ ಹೇಳದ ಕಾರಣ ಎಷ್ಟೋ ಜನ ಮೂರನೇ ದಿನಕ್ಕೆ ಬಿಸಾಡುತ್ತಾರೆ. ಸಣ್ಣ ಟ್ಯೂಬಿಗೆ ಬೆಲೆ ಜಾಸ್ತಿ. 2006ರಲ್ಲಿ ಅಮೆರಿಕದಲ್ಲಿ ಇದರ ಡಬ್ಬಿಯ ಮೇಲೆ ಕ್ಯಾನ್ಸರ್ ಎಚ್ಚರಿಕೆ ಹಾಕಿದ್ದರು. ಅದನ್ನು ಓದಿ ಗಾಬರಿಯಾಗುವವರಿದ್ದಾರೆ. ಆಮೇಲೆ ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದ ಅಧ್ಯಯನಗಳಲ್ಲಿ ಮುಲಾಮು ಹಚ್ಚಿದ್ದರಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡಿಲ್ಲ.

ಅಂದರೆ ಇವೆರಡು ಎದುರಾಳಿಗಳಲ್ಲ. ಉರಿ ಎದ್ದಾಗ ಸ್ಟೀರಾಯ್ಡ್‌ನಿಂದ ಇಳಿಸಿ, ಆಮೇಲೆ ಮತ್ತೆ ಮತ್ತೆ ಬರುವ ಜಾಗಕ್ಕೆ ವಾರಕ್ಕೆ ಎರಡು ದಿನ ಟ್ಯಾಕ್ರೋಲಿಮಸ್ ಅಥವಾ ನಡುಮೆಟ್ಟಿಲಿನ ಸ್ಟೀರಾಯ್ಡ್ ಹಚ್ಚುವ ಕ್ರಮ ಇದೆ. ವರ್ಷಕ್ಕೆ ಹಲವು ಸಲ ಏಳುವವರು ಡಾಕ್ಟ್ರ ಹತ್ತಿರ ಇದನ್ನೇ ಕೇಳಿ. ಆ ತಾಯಿಗೆ ನಾನು ಹೇಳಿದ್ದೂ ಇಷ್ಟೇ: ಮುಲಾಮು ಡಾಕ್ಟ್ರು ಹೇಳಿದಷ್ಟು ದಿನ, ಎಣ್ಣೆ ಅತ್ತೆ ಹೇಳಿದ ಹಾಗೆ ದಿನಾ. ಎರಡರ ನಡುವೆ ಸ್ವಲ್ಪ ಹೊತ್ತು ಬಿಡಿ.

ಕೈಯ ಎಕ್ಸಿಮಾ ಬೇರೆಯೇ ಕಥೆ

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತು, ಸುಣ್ಣ. ರಬ್ಬರ್ ಹಾಲು ಹೆಪ್ಪು ಹಾಕುವಾಗ ಆಸಿಡ್. ಸಿಮೆಂಟಿನ ಕೆಲಸ. ಮೀನು ಕೊಯ್ಯುವುದು. ಹಸಿ ಅಡಿಕೆ ಸುಲಿಯುವುದು. ಗೇರುಬೀಜದ ಸಿಪ್ಪೆಯ ಎಣ್ಣೆಯಂತೂ ಕೈಯನ್ನೇ ಸುಡುತ್ತದೆ. ಚೇರು ಮರದ ಹಾಲು ತಾಗಿದರೆ ಮೈ ಉಬ್ಬುವುದು ಗೊತ್ತಲ್ಲ? ಗೇರು, ಮಾವು, ಚೇರು ಒಂದೇ ಕುಟುಂಬದ ಮರಗಳು. ಇದೆಲ್ಲ ಬೇಡ ಅಂದರೆ ಮನೆಯ ಹೆಂಗಸರ ಪಾತ್ರೆ ಸೋಪು ಒಂದೇ ಸಾಕು.

ಇಲ್ಲಿ ಮುಲಾಮಿಗಿಂತ ಕೈಗವಸಿನ ಆಯ್ಕೆ ಮುಖ್ಯ. ಬರೀ ರಬ್ಬರ್ ಗ್ಲೌಸ್ ಹಾಕಿದರೆ ಒಳಗೆ ಬೆವರಿ ಇನ್ನಷ್ಟು ಹಾಳು. ಕೆಲವರಿಗೆ ರಬ್ಬರೇ ಅಲರ್ಜಿ. ಒಳಗೆ ತೆಳು ಹತ್ತಿ ಗ್ಲೌಸ್, ಮೇಲೆ ನೈಟ್ರೈಲ್ ಅಥವಾ ಪ್ಲಾಸ್ಟಿಕ್‌ನದ್ದು, ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ. ಹತ್ತಿಯದ್ದು ಒದ್ದೆಯಾದರೆ ಬದಲಾಯಿಸಿ. ಮದ್ದು ಬಿಡುವವರಿಗೆ ಉದ್ದ ತೋಳಿನ ಗ್ಲೌಸ್ ಬೇಕು, ಇಲ್ಲದಿದ್ದರೆ ದ್ರಾವಣ ಮಣಿಕಟ್ಟಿನಿಂದ ಒಳಗೆ ಇಳಿಯುತ್ತದೆ. ಅಡಿಕೆ ಸುಲಿಯುವವರಿಗೆ ದಪ್ಪ ಗ್ಲೌಸ್ ನಡೆಯುವುದಿಲ್ಲ, ಒಪ್ಪುತ್ತೇನೆ. ಅವರು ಬೆರಳಿಗೆ ಹತ್ತಿಬಟ್ಟೆ ಸುತ್ತಿಕೊಂಡು, ಕೆಲಸ ಮುಗಿದ ಮೇಲೆ ಸೋಪು ಹಾಕದೆ ತೊಳೆದು, ರಾತ್ರಿ ಜೆಲ್ಲಿ ಬಳಿದು ಹತ್ತಿ ಗ್ಲೌಸಿನಲ್ಲಿ ಮಲಗಿದರೆ ಸೀಳು ಕೂಡುತ್ತದೆ. ಅಡಿಕೆಯೂ ಜಾರುವುದಿಲ್ಲ.

ಇಷ್ಟಾದರೂ ವಾಸಿಯಾಗದಿದ್ದರೆ ಪ್ಯಾಚ್ ಟೆಸ್ಟ್ ಇದೆ. ಬೆನ್ನಿಗೆ ಬೇರೆ ಬೇರೆ ವಸ್ತುಗಳ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಂದರೆ ಒಂದೇ ವಾರದಲ್ಲಿ ಮೂರು ಸಲ ಹೋಗಬೇಕು. ಬೆನ್ನು ಒದ್ದೆ ಮಾಡುವಂತಿಲ್ಲ, ಬೆವರುವಂತಿಲ್ಲ. ಏಪ್ರಿಲ್‌ನಲ್ಲಿ ಮಾಡಿಸಿದರೆ ಪಟ್ಟಿ ಕಿತ್ತುಬರುತ್ತದೆ. ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಕೆಲಸವನ್ನೇ ಬದಲಿಸಬೇಕಾ ಅನ್ನುವಷ್ಟು ಕಷ್ಟ ಇದ್ದವರಿಗೆ ಈ ಓಡಾಟ ಸಾರ್ಥಕ. ಬಾಲ್ಯದಿಂದ ಮಡಿಕೆಗಳಲ್ಲಿ ಬರುವ ಎಕ್ಸಿಮಾಕ್ಕೆ ಇದು ಮೊದಲಿಗೇ ಬೇಕಾಗಿಲ್ಲ.

ನಂಜಿನ ಊಟ, ತೈಲ, ಪುಡಿ

ಬದನೆ ನಂಜು, ಒಣಮೀನು ನಂಜು, ಸಿಗಡಿ ನಂಜು. ಪಥ್ಯ ಮಾಡುತ್ತಾ ಹೋದರೆ ಕೊನೆಗೆ ಗಂಜಿ ಒಂದೇ ಉಳಿಯುತ್ತದೆ. ದೊಡ್ಡವರ ಎಕ್ಸಿಮಾಕ್ಕೆ ಊಟ ಕಾರಣವಾಗುವುದು ಕಡಿಮೆ. ಒಂದು ವಸ್ತು ತಿಂದ ಸ್ವಲ್ಪ ಹೊತ್ತಿಗೇ ಪ್ರತಿಸಲವೂ ಏಳುತ್ತದೆ ಅಂದರೆ ಅದನ್ನು ಬಿಡಿ. ಪುಟ್ಟ ಮಕ್ಕಳಿಗೆ ಜೋರು ಎಕ್ಸಿಮಾ ಇದ್ದರೆ ಮೊಟ್ಟೆ, ಹಾಲಿನ ಅಲರ್ಜಿ ಇರುವ ಸಾಧ್ಯತೆ ಇದೆ. ಅದನ್ನು ಡಾಕ್ಟ್ರು ನೋಡಿ ಹೇಳಬೇಕು. ಬೆಳೆಯುವ ಮಗುವಿನ ಹಾಲು, ಮೀನು, ಮೊಟ್ಟೆ ಎಲ್ಲ ನಿಲ್ಲಿಸಿ ಸೊರಗಿಸಬೇಡಿ.

ಕೇರಳದಲ್ಲಿದ್ದು ಆಯುರ್ವೇದದ ಮಾತು ತೆಗೆಯದಿದ್ದರೆ ಹೇಗೆ? ನಾಲ್ಪಾಮರಾದಿ, ಏಲಾದಿ ತೈಲಗಳನ್ನು ಚರ್ಮದ ತೊಂದರೆಗೆ ಪಂಡಿತರು ಬಹಳ ಕಾಲದಿಂದ ಕೊಡುತ್ತಾ ಬಂದಿದ್ದಾರೆ. ಹಗುರ ತುರಿಕೆಗೆ, ಒಣ ಚರ್ಮಕ್ಕೆ ಹಿತವಾಗಿದೆ ಅನ್ನುವವರು ಬೇಕಾದಷ್ಟು. ತೆಂಗಿನೆಣ್ಣೆಯಲ್ಲಿ ಕಾಯಿಸಿದ್ದಾದರೆ ಜಿಡ್ಡಿನ ಲಾಭವಂತೂ ಇದ್ದೇ ಇದೆ. ಗಿಡಮೂಲಿಕೆಗೂ ಅಲರ್ಜಿ ಆಗಬಹುದು. ಅದಕ್ಕೆ ಮೊದಲು ಮೊಣಕೈ ಮಡಿಕೆಯ ಸ್ವಲ್ಪ ಜಾಗಕ್ಕೆ ಕೆಲವು ದಿನ ಹಚ್ಚಿ ನೋಡಿ. ನನ್ನ ತಕರಾರು ಇರುವುದು ಲೇಬಲ್ ಇಲ್ಲದ ಡಬ್ಬಿಯ ಬಗ್ಗೆ. "ಶುದ್ಧ ನಾಟಿ ಮದ್ದು" ಎಂದು ಕೊಟ್ಟ ಪುಡಿಯೋ ಲೇಪವೋ ಎರಡೇ ದಿನಕ್ಕೆ ಮ್ಯಾಜಿಕ್ ಮಾಡಿದರೆ ಖುಷಿಪಡುವ ಮೊದಲು ಅನುಮಾನಪಡಿ. ಅದರೊಳಗೆ ಸ್ಟೀರಾಯ್ಡ್ ಇರಬಹುದು. ಎರಡೂ ಪದ್ಧತಿ ಒಟ್ಟಿಗೆ ಬೇಕು ಅನ್ನುವವರಿಗೆ ಕಾಸರಗೋಡಿನ ಉಳಿಯತ್ತಡ್ಕದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಇದೆ. ಆನೆಕಾಲು ರೋಗಕ್ಕೆ ಆಯುರ್ವೇದ, ಅಲೋಪತಿ ಸೇರಿಸಿ ಚಿಕಿತ್ಸೆ ಮಾಡಿ ಹೆಸರಾದ ಸಂಸ್ಥೆ ಅದು. ಯಾರ ಮದ್ದೇ ಆಗಲಿ, ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಂದ ಮುಚ್ಚಿಡಬೇಡಿ.

ಮುಲಾಮಿಗೆ ಬಗ್ಗದಿದ್ದರೆ

ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು, ಅಥವಾ ನಾಲ್ಕು ದಿನ ಸ್ಟೀರಾಯ್ಡ್ ಮಾತ್ರೆ ನುಂಗಿ ಮದುವೆ ಮನೆಗೆ ಹೋಗಿಬರುವವರಿದ್ದಾರೆ. ಇಳಿಯುವುದು ನಿಜ. ನಿಲ್ಲಿಸಿದ ಮೇಲೆ ಮೊದಲಿಗಿಂತ ಜೋರಾಗಿ ಏಳುವುದೂ ನಿಜ. ಅಲರ್ಜಿ ಮಾತ್ರೆಯೂ ಎಕ್ಸಿಮಾಕ್ಕೆ ಹೆಚ್ಚು ಹಿಡಿಯುವುದಿಲ್ಲ. ನಿದ್ದೆ ಬರಿಸುವ ಹಳೇ ಮಾತ್ರೆ ರಾತ್ರಿಗೆ ಸ್ವಲ್ಪ ಆಸರೆ, ಅಷ್ಟೇ.

ಬೆಳಕಿನ ಚಿಕಿತ್ಸೆ, ಅಂದರೆ ನ್ಯಾರೋಬ್ಯಾಂಡ್ ಯುವಿಬಿ, ಮದ್ದು ನುಂಗಬೇಕಾಗಿಲ್ಲ ಅನ್ನುವ ಕಾರಣಕ್ಕೆ ಒಳ್ಳೇದು. ವಾರಕ್ಕೆ ಎರಡು ಮೂರು ಸಲ, ಕೆಲವು ತಿಂಗಳು ಹೋಗಬೇಕು. ಮಂಜೇಶ್ವರದವರಿಗೆ ದೇರಳಕಟ್ಟೆ, ಮಂಗಳೂರು ಹತ್ತಿರ, ಆಗಬಹುದು. ಅಡೂರಿನವರಿಗೆ ಬಸ್ಸಿನ ಖರ್ಚು, ಕೂಲಿ ತಪ್ಪಿದ್ದು ಸೇರಿದರೆ ಮಾತ್ರೆಗಿಂತ ದುಬಾರಿ.

ಮೆಥೋಟ್ರೆಕ್ಸೇಟ್ ಅಗ್ಗದ ಮಾತ್ರೆ. ಆದರೆ ವಾರಕ್ಕೆ ಒಂದೇ ದಿನ ನುಂಗುವಂಥದ್ದು. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ರಕ್ತಪರೀಕ್ಷೆ ಆಗಾಗ ಬೇಕು. ಬಸುರಿಯಾಗುವ ಯೋಚನೆ ಇದ್ದವರಿಗೆ ಆಗದು. ಸೈಕ್ಲೋಸ್ಪೋರಿನ್ ಬೇಗ ಹಿಡಿಯುತ್ತದೆ, ಆದರೆ ಕಿಡ್ನಿ, ಬಿಪಿ ನೋಡುತ್ತಿರಬೇಕು, ಬಹಳ ಕಾಲ ಕೊಡುವುದಿಲ್ಲ. ಮೈಯೊಳಗೆ ಉರಿ ಎಬ್ಬಿಸುವ ಸೂಚನೆಗಳನ್ನು ತಡೆಯುವ ಜ್ಯಾಕ್ (JAK) ಗುಂಪಿನ ಹೊಸ ಮಾತ್ರೆಗಳು ತುರಿಕೆಯನ್ನು ದಿನಗಳಲ್ಲೇ ಇಳಿಸುತ್ತವೆ. ಶುರುಮಾಡುವ ಮೊದಲು ಟಿಬಿ ಇದೆಯಾ ಎಂದು ಪರೀಕ್ಷೆ ಆಗಲೇಬೇಕು. ಡುಪಿಲುಮಾಬ್ ಇಂಜೆಕ್ಷನ್ ಹೆಚ್ಚಿನವರಿಗೆ ಒಗ್ಗುತ್ತದೆ, ರಕ್ತಪರೀಕ್ಷೆಯ ಗೋಳು ಕಡಿಮೆ. ತಿಂಗಳಿಗೆ ಹತ್ತಾರು ಸಾವಿರ ಅಂದ ಮೇಲೆ ನಮ್ಮಲ್ಲಿ ಎಷ್ಟು ಮನೆಯ ಮಾತು ಅದು?

ಎಲ್ಲಿ ತೋರಿಸುವುದು?

ಹಗುರವಾದದ್ದಕ್ಕೆ ಹತ್ತಿರದ ಆರೋಗ್ಯ ಕೇಂದ್ರ ಸಾಕು. ಚರ್ಮತಜ್ಞರೇ ಬೇಕು ಅಂದರೆ ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಪೆರ್ಲ–ಬದಿಯಡ್ಕದವರಿಗೆ ಉಕ್ಕಿನಡ್ಕದ ಮೆಡಿಕಲ್ ಕಾಲೇಜು. ಚರ್ಮದ ಓಪಿ ಯಾವ ದಿನ ಎಂದು ಮೊದಲೇ ಫೋನ್ ಮಾಡಿ ಕೇಳಿಯೇ ಹೊರಡಿ. ಚೀಟಿಯ ಹಣ ಅಲ್ಪ, ಕಾಯುವುದು ಜಾಸ್ತಿ. ಫಲಕಗಳು ಮಲಯಾಳದಲ್ಲಿ, ಮದ್ದಿನ ವಿವರಣೆಯೂ ಮಲಯಾಳದಲ್ಲಿ. ನಮ್ಮ ಹಿರಿಯರು "ಶರಿ ಶರಿ" ಅಂತ ತಲೆಯಾಡಿಸಿ ಬಂದು ರೆಪ್ಪೆಯ ಮುಲಾಮನ್ನು ಪಾದಕ್ಕೆ, ಪಾದದ್ದನ್ನು ರೆಪ್ಪೆಗೆ ಹಚ್ಚಿದರೆ ಆಶ್ಚರ್ಯ ಇಲ್ಲ. ಟ್ಯೂಬಿನ ಮೇಲೆ ಅಲ್ಲಿಯೇ ಕನ್ನಡದಲ್ಲಿ "ಮುಖ", "ಕಾಲು" ಎಂದು ಬರೆದುಕೊಳ್ಳಿ.

ಮಂಗಳೂರು ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ಮೆಡಿಕಲ್ ಕಾಲೇಜುಗಳು ಹಲವು, ಕನ್ನಡ–ತುಳುವಿನಲ್ಲೇ ಮಾತಾಡಬಹುದು. ಪ್ಯಾಚ್ ಟೆಸ್ಟ್, ಬೆಳಕಿನ ಚಿಕಿತ್ಸೆಗೆ ಅಲ್ಲಿಗೆ ಹೋಗುವುದೇ ಸಲೀಸು. ಆದರೆ ಪೂರ್ತಿ ಅಲ್ಲಿಗೇ ನೇತುಬೀಳಬೇಡಿ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳ ಪಾಡು ಏನಾಯಿತು ಎಂದು ಮರೆತಿಲ್ಲ ತಾನೇ? ಯೋಜನೆ ಮಂಗಳೂರಿನಲ್ಲಿ ಮಾಡಿಸಿ, ಪ್ರತಿತಿಂಗಳ ನೋಟ ಊರಲ್ಲಿ. ಮದ್ದು ತೆಗೆಯುವಾಗ ಕಾರುಣ್ಯ ಫಾರ್ಮಸಿ, ನೀತಿ ಮೆಡಿಕಲ್ಸ್, ಜನೌಷಧಿ ಅಂಗಡಿಗಳಲ್ಲಿ ಬೆಲೆ ವಿಚಾರಿಸಿ. ಅದಕ್ಕೆ ಕಂಪೆನಿ ಹೆಸರಿನ ಬದಲು ಮದ್ದಿನ ಹೆಸರನ್ನೇ ದೊಡ್ಡಕ್ಷರದಲ್ಲಿ ಬರೆಸಿಕೊಳ್ಳಿ.

ಹೋಗುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬು, ತೈಲ, ಡಬ್ಬಿ ಒಂದು ಚೀಲಕ್ಕೆ ಹಾಕಿ ಒಯ್ಯಿರಿ. ಜೋರಾಗಿ ಎದ್ದಾಗ ಫೋನಿನಲ್ಲಿ ಫೋಟೋ ತೆಗೆದಿಡಿ. ಓಪಿಯ ದಿನ ಅದು ಮಾಯವಾಗಿರುವುದೇ ಜಾಸ್ತಿ. ಹಳದಿ ಕೀವು, ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ ಓಪಿ ದಿನಕ್ಕೆ ಕಾಯದೆ ಒಂದೆರಡು ದಿನದಲ್ಲಿ ತೋರಿಸಿ. ಎಕ್ಸಿಮಾ ಇರುವ ಜಾಗದಲ್ಲಿ ಒಂದೇ ಅಳತೆಯ ನೀರುಗುಳ್ಳೆಗಳು ಗುಂಪಾಗಿ ಎದ್ದು, ನೋವು, ಜ್ವರ ಬಂದರೆ ಅದು ಹರ್ಪಿಸ್ ವೈರಸ್ ಇರಬಹುದು. ಆಗ ಯಾವ ಮುಲಾಮು ಅಂತ ಯೋಚಿಸುತ್ತಾ ಕೂರಬೇಡಿ. ಅದೇ ದಿನ, ರಾತ್ರಿಯಾದರೆ ರಾತ್ರಿಯೇ, ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೊರಡಿ.